ಮುಳ್ಳು ನಿಜ ಹೇಳುತ್ತಿತ್ತು

ಬಂಕಿನ ಹುಡುಗ ಎಂದಿನಂತೆ “ಝೀರೋ ನೋಡಿ ಸಾರ್” ಎಂದ. ನಾನು ಝೀರೋ ನೋಡಲಿಲ್ಲ. ಹಿಂದಿನ ಸಲ ಟ್ಯಾಂಕ್ ತುಂಬಿಸಿದ ಮೇಲೆ ಎಷ್ಟು ಓಡಿದೆ ಎಂದು ನೋಡುತ್ತಿದ್ದೆ: 296 ಕಿಲೋಮೀಟರ್. ಪಂಪು ಟಕ್ಕೆಂದು ನಿಂತಾಗ 43.5 ಲೀಟರ್ ಹೋಗಿತ್ತು. ಮೊಬೈಲಿನಲ್ಲಿ ಭಾಗಿಸಿದೆ. 6.8. ತಪ್ಪು ಒತ್ತಿದೆನೇನೋ ಎಂದು ಮತ್ತೊಮ್ಮೆ ಭಾಗಿಸಿದೆ. ಮತ್ತೆ 6.8.

ಕಾರು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಐದು ವಾಲ್ವ್, ಜೊತೆಗೆ ಟರ್ಬೊ. 150 ಅಶ್ವಶಕ್ತಿ ಎಂದರೆ ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ತಿರುಗಿ ನೋಡುವಂಥ ಸಂಗತಿ. ಇಂಥ ಕಾರು ಇಟ್ಟುಕೊಂಡು ಮೈಲೇಜಿನ ಮಾತು ಆಡುವುದೆಂದರೆ ಹೋಳಿಗೆ ಊಟಕ್ಕೆ ಕುಳಿತು ತುಪ್ಪ ಬೇಡ ಎಂದ ಹಾಗೆ ಎಂಬುದು ನನಗೂ ಗೊತ್ತು. ಆದರೆ 2021ರಲ್ಲಿ ನಾನು ಇದನ್ನು ಕೊಂಡಾಗ ಇದೇ ಬೆಂಗಳೂರಿನಲ್ಲಿ, ಇದೇ ಕಾಲಿನ ಕೆಳಗೆ, 9.5 ಕೊಡುತ್ತಿತ್ತು. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಗೆಯೇ ಕರಗಿದ್ದರೆ ಅದನ್ನು ಕಾರಿನ ಸ್ವಭಾವ ಎನ್ನಲಾಗದು. ಅದು ಕಾಯಿಲೆ.

“ರೀ, ಮೊದಲು ಟ್ಯಾಂಕ್ ಸೋರುತ್ತಿದೆಯೇ ನೋಡಿ” ಎಂದಳು ಹೆಂಡತಿ. ವ್ಯಂಗ್ಯವೇ ಇರಬಹುದು, ಆದರೂ ಅದು ಸರಿಯಾದ ಮೊದಲ ಪ್ರಶ್ನೆ. ಟಾರ್ಚ್ ಹಿಡಿದು ಕಾರಿನಡಿ ಮಲಗಿ, ಟ್ಯಾಂಕಿನಿಂದ ಎಂಜಿನ್ನಿನವರೆಗೆ ಕೊಳವೆಯ ಜಾಡು ಹಿಡಿದು ಮೂಸಿ ನೋಡಿದೆ. ಧೂಳಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಗ್ಯಾರೇಜಿನಲ್ಲಿ ನಾವೆಲ್ಲ ಭಾಯ್ ಎಂದು ಕರೆಯುವ ಮೇಸ್ತ್ರಿಗೆ ಬಾನೆಟ್ ಎತ್ತುವ ಅಗತ್ಯವೂ ಬೀಳಲಿಲ್ಲ. “ಮ್ಯಾಫ್ ಹೋಗಿದೆ ಸಾರ್. ವಯಸ್ಸಾದ ಟರ್ಬೊ ಗಾಡಿಗಳಲ್ಲಿ ಮೊದಲು ಹೋಗುವುದು ಅದೇ.” ಮ್ಯಾಫ್ ಎಂದರೆ ಎಂಜಿನ್ನಿನೊಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್. ಹೊಸದಕ್ಕೆ ಒಂಬತ್ತು ಸಾವಿರ. ಭಾಯ್ ಅವರ ಕೈಗುಣದ ಬಗ್ಗೆ ನನಗೆ ಅಪಾರ ಗೌರವವಿದೆ, ಊಹೆಯ ಬಗ್ಗೆ ಅಷ್ಟಿಲ್ಲ. “ಒಂದು ತಿಂಗಳು ಬಿಡಿ ಭಾಯ್, ನಾನೇ ಅಳೆದು ನೋಡುತ್ತೇನೆ” ಎಂದೆ. ಅವರು ನಕ್ಕು ಚಹಾ ತರಿಸಿದರು.

ಬ್ಯಾಂಕಿನವರು ಕೊಟ್ಟು ಖಾಲಿ ಬಿದ್ದಿದ್ದ ಡೈರಿಯೊಂದಿತ್ತು. ಅದರಲ್ಲಿ ಮೊದಲು ಬರೆದ ನಿಯಮ: ಅದೇ ಬಂಕ್, ಅದೇ ಪಂಪು, ಪಂಪು ಮೊದಲ ಸಲ ತಾನಾಗಿ ಕಟ್ ಆದಾಗಲೇ ನಿಲ್ಲಿಸುವುದು. ಬಂಕಿನ ಹುಡುಗರಿಗೆ ದುಂಡು ಮೊತ್ತದ ಮೇಲೆ ಬಲು ಪ್ರೀತಿ. ಕಟ್ ಆದ ಮೇಲೂ ಕುಟುಕು ಕುಟುಕಾಗಿ ಒಂದೂವರೆ ಲೀಟರ್ ತುರುಕುತ್ತಾರೆ. ಒಂದು ಸಲ ತುರುಕಿ ಇನ್ನೊಂದು ಸಲ ಬಿಟ್ಟರೆ ನಲವತ್ತು ಲೀಟರಿನ ಲೆಕ್ಕದಲ್ಲಿ ಶೇಕಡಾ ಮೂರು ನಾಲ್ಕು ಏರುಪೇರು.

ಲೀಟರಿನ ಲೆಕ್ಕ ಹದಕ್ಕೆ ಬಂದಿತು. ಇನ್ನು ಕಿಲೋಮೀಟರಿನದು. ಹಿಂದಿನ ವರ್ಷ ಗುಂಡಿಗಳ ಕಾಟ ತಾಳಲಾರದೆ ಟಯರ್ ಬದಲಿಸುವಾಗ ನಾನು 205/55ರ ಬದಲು, ಬದಿ ಇನ್ನಷ್ಟು ಎತ್ತರವಿರುವ 205/60 ಹಾಕಿಸಿದ್ದೆ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ನೋಡಿದಾಗ ಅದು ನೆನಪಾಯಿತು. ಲೆಕ್ಕ ಹಾಕಿದರೆ ಹೊಸ ಚಕ್ರದ ಎತ್ತರ 652 ಮಿಲಿಮೀಟರ್, ಹಳೆಯದು 632. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಮಾತ್ರ ಅದು ತಿಳಿಯುವುದಿಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದೆ: ಕಲ್ಲು 50 ಎಂದಾಗ ಮೀಟರ್ 48.5 ಎನ್ನುತ್ತಿತ್ತು. ಅಂದರೆ ನನ್ನ 6.8 ನಿಜವಾಗಿ 7.0. ಎಂಜಿನ್ ಮುಟ್ಟದೆ ಶೇಕಡಾ ಮೂರು ಲಾಭ! ಹೆಂಡತಿಗೆ ಹೇಳಿದೆ. “ಪೆಟ್ರೋಲಿನ ಬಿಲ್ಲು ಕಡಿಮೆಯಾಯಿತೇ?” ಎಂದಳು.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗು, ಟಯರಿನ ಗಾಳಿ ಮುಂತಾದವನ್ನು ಒಂದು ಭಾನುವಾರ ಮುಗಿಸಿದೆ. ಫಿಲ್ಟರ್ ಕೊಳೆಯಾದರೆ ಮೈಲೇಜ್ ಬೀಳುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಥ ಎಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ, ಕಸುವು ಮಾತ್ರ ಇಳಿಯುತ್ತದೆ. ಹೊಸ ಫಿಲ್ಟರಿನಿಂದ ಏನೂ ಆಗಲಿಲ್ಲ.

ನಿಜವಾದ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಬೀದಿಯ ಇಳಿಜಾರಿನಲ್ಲಿ. ನ್ಯೂಟ್ರಲ್ ಮಾಡಿ ಬ್ರೇಕ್ ಬಿಟ್ಟರೆ ಕಾರು ತಾನಾಗಿ ಜಾರಬೇಕು. ಜಾರಿತು, ಆದರೆ ಒಲ್ಲದ ಮನಸ್ಸಿನಿಂದ. ಹತ್ತು ಕಿಲೋಮೀಟರ್ ಓಡಿಸಿ ಬಂದು, ಮುಟ್ಟದೆ ದೂರದಿಂದಲೇ ತಾಪ ಅಳೆಯುವ ಪಿಸ್ತೂಲಿನಂಥ ಸಾಧನವನ್ನು ನಾಲ್ಕೂ ಬ್ರೇಕ್ ಡಿಸ್ಕುಗಳಿಗೆ ಹಿಡಿದೆ. ಮುಂದಿನ ಎರಡು 70ರ ಆಸುಪಾಸು, ಹಿಂದಿನ ಬಲ 52, ಹಿಂದಿನ ಎಡ 118. ಹ್ಯಾಂಡ್‌ಬ್ರೇಕ್ ಇಳಿಸಿದರೂ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರಿನ ಸಣ್ಣ ಸನ್ನೆಕೋಲು ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ, ತುಕ್ಕು ಹಿಡಿದು ಅರ್ಧದಲ್ಲೇ ನಿಂತಿತ್ತು. ಎಷ್ಟು ತಿಂಗಳಿನಿಂದ ಹೀಗೆ ಒಂದು ಚಕ್ರ ಹಿಡಿದುಕೊಂಡೇ ಓಡಿಸಿದ್ದೆನೋ! ಭಾಯ್ ಕ್ಯಾಲಿಪರ್ ಬಿಚ್ಚಿ ಸರಿಮಾಡಿ, ಕೇಬಲ್ ಬದಲಿಸಿದರು. ಮುಂದಿನ ಎರಡು ಟ್ಯಾಂಕಿನ ಸರಾಸರಿ 7.5.

ಇಲ್ಲಿಂದ ಮುಂದೆ ಕಾರಿನ ಕಂಪ್ಯೂಟರನ್ನೇ ಕೇಳಬೇಕಿತ್ತು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಬ್ಬಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಮೊಬೈಲಿನಲ್ಲಿ ಎಲ್ಲ ಸಂಖ್ಯೆಗಳೂ ಕಾಣುತ್ತವೆ. ದೋಷದ ಸಂಕೇತ ಒಂದೂ ಇರಲಿಲ್ಲ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪವೂ ಹೊತ್ತಿರಲಿಲ್ಲ. ಕಂಪ್ಯೂಟರಿನ ಪ್ರಕಾರ ಕಾರು ಸಂಪೂರ್ಣ ಆರೋಗ್ಯವಾಗಿತ್ತು.

ಭಾಯ್ ಹೇಳಿದ ಮ್ಯಾಫ್ ಸೆನ್ಸರನ್ನೇ ಮೊದಲು ಪರೀಕ್ಷಿಸಿದೆ. ಒಂದು ಒರಟು ಲೆಕ್ಕವಿದೆ: ಅಶ್ವಶಕ್ತಿಯನ್ನು 0.8ರಿಂದ ಗುಣಿಸಿದರೆ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಗಬೇಕು ಎಂಬುದು ಸಿಗುತ್ತದೆ. 150ಕ್ಕೆ 120 ಗ್ರಾಂ. ಬೆಳಗ್ಗೆ ಐದೂವರೆಗೆ ನೈಸ್ ರಸ್ತೆಗೆ ಹೋಗಿ, ಎರಡನೇ ಗೇರಿನಲ್ಲಿ ಆರು ಸಾವಿರ ಆರ್‌ಪಿಎಂವರೆಗೆ ಒತ್ತಿದೆ. ಮೊಬೈಲ್ ತಾನೇ ದಾಖಲಿಸಿಕೊಂಡದ್ದು 114. ಇಪ್ಪತ್ತು ವರ್ಷದ ಎಂಜಿನ್ನಿಗೆ ಅದು ಚೆನ್ನಾಗಿಯೇ ಇದೆ. ಒಂಬತ್ತು ಸಾವಿರ ಉಳಿಯಿತು. ಆ ಬೆಳಗಿನ ಓಟದ ಸುಖ ಬೇರೆ. ಟರ್ಬೊ ಎದ್ದಾಗ ಬೆನ್ನು ಸೀಟಿಗೆ ಒರಗುವ ಆ ಒಂದು ಕ್ಷಣಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಪಾಡು.

ಆಮೇಲೆ ಟ್ರಿಮ್. ಕಾರಿನ ಕಂಪ್ಯೂಟರ್ ಮೊದಲು ತನ್ನ ಲೆಕ್ಕದ ಪ್ರಕಾರ ಪೆಟ್ರೋಲ್ ಹಾಕುತ್ತದೆ. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರ್ ರುಚಿ ನೋಡಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹೇಳುತ್ತದೆ. ಅಡುಗೆಯವನು ಉಪ್ಪು ಸರಿಮಾಡಿಕೊಳ್ಳುವ ಹಾಗೆ ಕಂಪ್ಯೂಟರ್ ತಿದ್ದಿಕೊಂಡು, ಆ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಟ್ರಿಮ್, ಶೇಕಡಾ ಲೆಕ್ಕದಲ್ಲಿ: ಹೆಚ್ಚು ಹಾಕಿದರೆ ಪ್ಲಸ್, ಕಡಿಮೆ ಮಾಡಿದರೆ ಮೈನಸ್. ನನ್ನ ಕಾರಿನಲ್ಲಿ ನಿಂತಾಗ ಮೈನಸ್ 1, ಓಡುವಾಗ ಪ್ಲಸ್ 1. ಹೆಚ್ಚುಕಡಿಮೆ ಸೊನ್ನೆ. “ಟ್ರಿಮ್ ಸರಿಯಿದೆ” ಎಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಆ ಗೆರೆ ನನ್ನನ್ನು ಮೂರು ವಾರ ದಾರಿ ತಪ್ಪಿಸಿತು.

ಮುಂದಿನ ಸಾಲು ಕೂಲಂಟಿನ, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದ, ತಾಪ. ಡ್ಯಾಶ್‌ಬೋರ್ಡಿನ ಮುಳ್ಳು 90ರ ಮೇಲೆ ಕಡ್ಡಿಯ ಹಾಗೆ ನೇರ ನಿಂತಿತ್ತು. ಮೊಬೈಲಿನಲ್ಲಿ ಮಾತ್ರ 63. ಅರ್ಧ ಗಂಟೆ ಓಡಿಸಿದೆ: 62, 64, 63. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಕಂಪ್ಯೂಟರ್ ನಂಬಿತ್ತು. ಬಿಸಿಯಾಗದ ಎಂಜಿನ್ನಿಗೆ ಅದು ಪೆಟ್ರೋಲನ್ನು ಧಾರಾಳವಾಗಿ ಕೊಡುತ್ತದೆ. ಸಿಕ್ಕಿತು ಎಂದುಕೊಂಡೆ.

ಇಲ್ಲಿ ನನ್ನ ಅರೆಬೆಂದ ವಿದ್ಯೆ ಕೆಲಸ ಮಾಡಿತು. ಈ ಜಾತಿಯ ಕಾರುಗಳಲ್ಲಿ ತಾಪದ ಮುಳ್ಳನ್ನು ಬೇಕೆಂದೇ ಮಂದ ಮಾಡಿರುತ್ತಾರೆ, ನಿಜವಾದ ತಾಪ ಹತ್ತು ಹದಿನೈದು ಡಿಗ್ರಿ ಆಚೀಚೆ ಆದರೂ ಅದು 90 ಬಿಟ್ಟು ಕದಲುವುದಿಲ್ಲ ಎಂದು ಓದಿದ್ದೆ. ಹಾಗಾಗಿ ಮುಳ್ಳು ಸುಳ್ಳು, ಮೊಬೈಲ್ ನಿಜ ಎಂದು ತೀರ್ಮಾನಿಸಿದೆ. ಎಂಜಿನ್ ನಿಜವಾಗಿಯೂ 63ರಲ್ಲಿದೆ ಎಂದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ, ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ. ಜೆ.ಸಿ. ರಸ್ತೆಗೆ ಹೋಗಿ ಹೊಸದು ತಂದೆ. ಭಾಯ್ ಏನೂ ಹೇಳದೆ ಹಾಕಿಕೊಟ್ಟರು. ಕೂಲಂಟ್ ಸೇರಿ ಎರಡೂವರೆ ಸಾವಿರ. ಮನೆಗೆ ಬರುವಾಗ ಮೊಬೈಲ್ ನೋಡಿದೆ. 63.

ರಾತ್ರಿ ಕುಳಿತು ಡೈರಿ ತಿರುವಿಹಾಕಿದೆ. ಒಂದು ಡಿಸೆಂಬರ್ ಬೆಳಗ್ಗೆ, ರಾತ್ರಿಯಿಡೀ ನಿಂತಿದ್ದ ಕಾರಿನಲ್ಲಿ ಬರೆದುಕೊಂಡದ್ದು: ಒಳಬರುವ ಗಾಳಿ 19, ಕೂಲಂಟ್ 16. ತಣ್ಣಗಿನ ಎಂಜಿನ್ನಿನಲ್ಲಿ ಇವೆರಡೂ ಒಂದೇ ಇರಬೇಕು. ಮೂರು ಡಿಗ್ರಿ ತಾನೇ ಎಂದು ಬಿಟ್ಟಿದ್ದೆ. ತಣ್ಣಗಿದ್ದಾಗ ಮೂರೇ ಡಿಗ್ರಿ ತಪ್ಪುವ ಸೆನ್ಸರ್ ಬಿಸಿಯಾದಾಗ ಇಪ್ಪತ್ತೈದು ತಪ್ಪುತ್ತದೆಯೇ? ತಪ್ಪುತ್ತದೆ, ಅದರ ಲೆಕ್ಕವೇ ಹಾಗಿದೆ. ಈ ಸೆನ್ಸರಿನ ವಿದ್ಯುತ್ ರೋಧ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. 20 ಡಿಗ್ರಿಯಲ್ಲಿ ಸುಮಾರು 2500 ಓಮ್, 90ರಲ್ಲಿ 250ರ ಆಸುಪಾಸು. ತಂತಿಯ ದಾರಿಯಲ್ಲಿ ಎಲ್ಲೋ 300 ಓಮ್ ಹೆಚ್ಚುವರಿಯಾಗಿ ಸೇರಿಕೊಂಡಿದೆ ಎನ್ನೋಣ. 2500 ಇದ್ದದ್ದು 2800 ಆದರೆ ಕಂಪ್ಯೂಟರಿಗೆ ಮೂರು ಡಿಗ್ರಿ ಚಳಿ ಹೆಚ್ಚಾದಂತೆ ಕಾಣುತ್ತದೆ. 250 ಇದ್ದದ್ದು 550 ಆದರೆ? ಅದು 63 ಡಿಗ್ರಿಯ ಸಂಖ್ಯೆ. ಹಾಗಾದರೆ ಕೆಟ್ಟಿರುವುದು ಎಂಜಿನ್ನಿನ ತಾಪವಲ್ಲ, ಬಹುಶಃ ಸೆನ್ಸರೂ ಅಲ್ಲ, ಅದಕ್ಕೆ ಹೋಗುವ ದಾರಿ.

ಮರುದಿನ ಗ್ಯಾರೇಜಿನಲ್ಲಿ ಮೊದಲು ನಿಜವಾದ ತಾಪ ನೋಡಿದೆವು. ಹೊಳೆಯುವ ಲೋಹಕ್ಕೆ ಆ ಪಿಸ್ತೂಲು ಹಿಡಿದರೆ ತಪ್ಪು ತೋರಿಸುತ್ತದೆ, ಅದಕ್ಕೆ ಥರ್ಮೋಸ್ಟಾಟಿನ ಹೊರಕವಚದ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದೆ. 88. ಮುಳ್ಳು 90 ಎನ್ನುತ್ತಿತ್ತು. ಸುಳ್ಳುಗಾರ ಎಂದು ನಾನು ಬಯ್ದಿದ್ದ ಮುಳ್ಳೇ ನಿಜ ಹೇಳುತ್ತಿತ್ತು.

ಕೂಲಂಟ್ ಸೆನ್ಸರ್ ಇರುವುದು ಎಂಜಿನ್ನಿನ ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ, ದಪ್ಪ ಕೊಳವೆಗಳ ಅಡಿಯಲ್ಲಿ. ಕಾಣುವುದಿಲ್ಲ, ಕೈಯಿಂದ ತಡವಿ ಹುಡುಕಬೇಕು. ಎಂಜಿನ್ ಓಡುತ್ತಿತ್ತು. ಭಾಯ್ ಬಿಸಿಗೆ ಹಲ್ಲು ಕಚ್ಚಿ ಎರಡು ಬೆರಳು ಒಳಗೆ ತೂರಿಸಿದರು, ನಾನು ಮೊಬೈಲ್ ಹಿಡಿದು ಪಕ್ಕದಲ್ಲಿ ನಿಂತೆ. “ಈಗ?” ಎಂದರು. 63. ಸೆನ್ಸರಿಗೆ ತಂತಿ ಸೇರಿಸುವ ಪ್ಲಗ್ಗನ್ನು ಸ್ವಲ್ಪ ಎಡಕ್ಕೆ ಒತ್ತಿದರು. “ಈಗ?” 81. ಬಿಟ್ಟರು. 67. ಮತ್ತೆ ಒತ್ತಿದರು. 86. “ಹೇಳಿ ಸಾರ್, ಯಾಕೆ ಸುಮ್ಮನಾದಿರಿ?” ನನಗೆ ನಗು ಬಂದಿತ್ತು.

ಎಂಜಿನ್ ಆರಿಸಿ ಪ್ಲಗ್ಗು ಕಿತ್ತು ಬೆಳಕಿಗೆ ಹಿಡಿದೆವು. ಅದಕ್ಕೆ ನಾಲ್ಕು ಕಾಲು. ಎರಡು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಎರಡು ಎಂಜಿನ್ ಕಂಪ್ಯೂಟರಿಗೆ. ಒಂದೇ ಸೆನ್ಸರಿನೊಳಗೆ ಎರಡು ಪ್ರತ್ಯೇಕ ದಾರಿಗಳು. ಮುಳ್ಳಿನ ಎರಡು ಕಾಲುಗಳು ಹೊಳೆಯುತ್ತಿದ್ದವು. ಕಂಪ್ಯೂಟರಿನ ಒಂದು ಕಾಲಿನ ಬುಡದಲ್ಲಿ ಹಸಿರು ಪುಡಿ, ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ತಾಮ್ರದ ಚೊಂಬಿನ ಕಿಲುಬಿನಂತೆ. ಎಂದೋ ಸೋರಿದ ಕೂಲಂಟ್ ಒಳಗಿಳಿದಿತ್ತು. ಭಾಯ್ ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸ್ಪ್ರೇ ತೆಗೆದುಕೊಂಡರು. “ಹುಣಸೆಹಣ್ಣು ತರಲೇ?” ಎಂದೆ. ಅವರು ತಲೆ ಎತ್ತದೆ “ಮನೆಯಲ್ಲಿ ಹೇಳಿ ನೋಡಿ” ಎಂದರು. ಸುರಕ್ಷತೆಗೆಂದು ಆಮೇಲೆ ಪ್ಲಗ್ಗನ್ನೂ ಸೆನ್ಸರನ್ನೂ ಬದಲಿಸಿದೆವು. ಎರಡೂ ಸೇರಿ ಥರ್ಮೋಸ್ಟಾಟಿನ ಅರ್ಧ ಬೆಲೆ.

ಮನೆಗೆ ಬರುವಾಗ ಮೊಬೈಲ್ 89 ಎನ್ನುತ್ತಿತ್ತು. ಇನ್ನೊಂದು ಬದಲಾವಣೆ ನನ್ನನ್ನು ಹೆಚ್ಚು ತಟ್ಟಿತು. ಸಿಗ್ನಲ್ ಕಂಡು ಗೇರಿನಲ್ಲೇ ಕಾಲು ತೆಗೆದಾಗ ಪೆಟ್ರೋಲಿನ ಸಂಖ್ಯೆ ಸೊನ್ನೆಗೆ ಬಿದ್ದಿತು. ಬಿಸಿಯಾದ ಎಂಜಿನ್ನಿನಲ್ಲಿ ಹಾಗೆ ಆಗಬೇಕು. ಕಾರೇ ಎಂಜಿನ್ನನ್ನು ತಿರುಗಿಸುವಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಎಂಜಿನ್ ತಣ್ಣಗಿದೆ ಎಂದು ನಂಬಿದ್ದಷ್ಟು ದಿನ ಊರಿನ ವೇಗದಲ್ಲಿ ಅದು ಹಾಗೆ ಮಾಡಿರಲೇ ಇಲ್ಲ. ಮೈಸೂರಿಗೆ ಹೋಗಿಬಂದಾಗ ಮೈಲೇಜ್ ಅಷ್ಟೇನೂ ಕೆಟ್ಟಿರದೆ ಊರೊಳಗೆ ಮಾತ್ರ ಏಕೆ ಕುಸಿದಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವಾಗ ಆಮ್ಲಜನಕದ ಸೆನ್ಸರ್ ತಪ್ಪನ್ನು ತಿದ್ದುತ್ತಿತ್ತು. ಬೆಂಗಳೂರಿನಲ್ಲಿ ಒಂದೇ ಹದ ಎಲ್ಲಿದೆ? ಒತ್ತು, ಬಿಡು, ನಿಲ್ಲು, ಮತ್ತೆ ಒತ್ತು. ಮುಂದಿನ ಮೂರು ಟ್ಯಾಂಕುಗಳು: 8.4, 8.6, 8.5.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ವಾರ ಕಳೆದು ಟ್ರಿಮ್ ನೋಡಿದರೆ ಪ್ಲಸ್ 8! ರೋಗ ಇದ್ದಾಗ ಸೊನ್ನೆ, ವಾಸಿಯಾದ ಮೇಲೆ ಎಂಟೇ? ಎಲ್ಲೋ ಗಾಳಿ ಸೋರುತ್ತಿದೆ ಎಂಬ ಭಯ ಹೊಕ್ಕಿತು. ಆದರೆ ಗಾಳಿ ಸೋರಿದರೆ ಎಂಜಿನ್ ನಿಂತಲ್ಲೇ ಓಡುವಾಗ ಟ್ರಿಮ್ ಹೆಚ್ಚು, ವೇಗದಲ್ಲಿ ಕಡಿಮೆ ಇರಬೇಕು. ಮ್ಯಾಫ್ ಸೋತಿದ್ದರೆ ವೇಗದಲ್ಲಿ ಹೆಚ್ಚಬೇಕು. ನನ್ನದು ಎಲ್ಲ ಕಡೆ ಎಂಟೇ. ಎಲ್ಲ ಕಡೆ ಸಮನಾಗಿ ಇರುವುದು ಕಾರಿನೊಳಗಿನ ಯಾವ ಭಾಗವೂ ಅಲ್ಲ, ಪೆಟ್ರೋಲ್.

2023ರ ಫೆಬ್ರುವರಿಯಲ್ಲಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಇದೇ ಬೆಂಗಳೂರಿನಲ್ಲಿ. ನಾನು ಕಾರು ಕೊಂಡಾಗ ಪೆಟ್ರೋಲಿನಲ್ಲಿ ಹೆಚ್ಚೆಂದರೆ ಶೇಕಡಾ ಹತ್ತು ಎಥನಾಲ್, ಈಗ ಇಪ್ಪತ್ತು. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು, ಇ20ಕ್ಕೆ ಸುಮಾರು 13.5. 2005ರ ಕಂಪ್ಯೂಟರಿನ ತಲೆಯಲ್ಲಿರುವುದು ಹಳೆಯ ಲೆಕ್ಕ. ಹಾಗಾಗಿ ಅದು ಹಾಕಿದ ಇಂಧನ ಸಾಲದೆ, ಶೇಕಡಾ ಎಂಟರಷ್ಟು ಹೆಚ್ಚು ಹಾಕಿ ಸರಿದೂಗಿಸುತ್ತದೆ. ಇಷ್ಟು ದಿನ ಒಂದು ಕಡೆ ಎಥನಾಲ್ “ಸಾಲದು” ಎನ್ನುತ್ತಿತ್ತು, ಇನ್ನೊಂದು ಕಡೆ ಸುಳ್ಳು ಚಳಿ “ಹೆಚ್ಚು ಹಾಕು” ಎನ್ನುತ್ತಿತ್ತು. ಎರಡೂ ಸೇರಿ ಸೊನ್ನೆ. ನಾನು ಗೆರೆ ಎಳೆದು ಮೆಚ್ಚಿಕೊಂಡಿದ್ದ ಸೊನ್ನೆ.

ಆದರೂ ಒಮ್ಮೆ ಖಚಿತ ಮಾಡಿಕೊಳ್ಳೋಣ ಎಂದು ಟ್ಯಾಂಕ್ ಬರಿದಾಗುವವರೆಗೆ ಓಡಿಸಿ, ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲ್ ಹಾಕಿಸಿದೆ. ಲೀಟರಿಗೆ ಸುಮಾರು 160 ರೂಪಾಯಿ. ಎರಡು ದಿನದಲ್ಲಿ ಟ್ರಿಮ್ ಎಂಟರಿಂದ ಎರಡಕ್ಕೆ ಇಳಿಯಿತು. ಮೈಲೇಜ್ 9.0. ಸಂತೋಷಪಡುವ ಮೊದಲು ಭಾಗಿಸಿದೆ: ಸಾಮಾನ್ಯ ಪೆಟ್ರೋಲಿನಲ್ಲಿ ಕಿಲೋಮೀಟರಿಗೆ ಹನ್ನೆರಡು ರೂಪಾಯಿ, ಇದರಲ್ಲಿ ಹದಿನೆಂಟರ ಹತ್ತಿರ. ಮತ್ತೆ ಹಾಕಿಸಲಿಲ್ಲ. ಇಪ್ಪತ್ತು ವರ್ಷದ ರಬ್ಬರ್ ಕೊಳವೆಗಳಿಗೆ ಎಥನಾಲ್ ಒಗ್ಗುವುದಿಲ್ಲವೆಂದು ಇಂಧನದ ಕೊಳವೆಗಳನ್ನು ಮಾತ್ರ ಬದಲಿಸಿಕೊಂಡೆ.

ಹಳೆಯ 9.5ಕ್ಕೂ ಈಗಿನ 8.5ಕ್ಕೂ ನಡುವೆ ಉಳಿದದ್ದು ಒಂದು. ಅದರಲ್ಲಿ ಎಥನಾಲಿನ ಪಾಲು ಕಳೆದರೆ ಮಿಕ್ಕದ್ದು ನನ್ನ ಹೊಸ ಕಚೇರಿಯ ದಾರಿ. ಎಸಿ ಹಾಕಿ ನಿಂತಲ್ಲೇ ನಿಂತರೆ ಈ ಎಂಜಿನ್ ಗಂಟೆಗೆ 1.3 ಲೀಟರ್ ಕುಡಿಯುತ್ತದೆ ಎಂದು ಮೊಬೈಲ್ ತೋರಿಸುತ್ತದೆ, ಮತ್ತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದನ್ನು ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಕಳಚಿ ತಂದಿದ್ದ ಹಳೆಯ ಥರ್ಮೋಸ್ಟಾಟನ್ನು ಒಂದು ಸಂಜೆ ಪಾತ್ರೆಯ ನೀರಿನಲ್ಲಿಟ್ಟು ಒಲೆ ಹೊತ್ತಿಸಿದೆ. ಈ ಎಂಜಿನ್ನಿನದು 87 ಡಿಗ್ರಿಗೆ ಬಾಯಿ ಬಿಡಲು ಶುರುಮಾಡಬೇಕು. ನೀರು ಕುದಿಯುವ ಹಂತಕ್ಕೆ ಬರುವ ಸ್ವಲ್ಪ ಮೊದಲು ಅದು ಮೆಲ್ಲಗೆ ಬಾಯಿ ಬಿಟ್ಟಿತು, ಒಲೆ ಆರಿಸಿದ ಮೇಲೆ ಅಷ್ಟೇ ಮೆಲ್ಲಗೆ ಮುಚ್ಚಿಕೊಂಡಿತು.

“ರೀ, ನನ್ನ ಹಾಲಿನ ಪಾತ್ರೆಯಲ್ಲಿ ಏನದು?”

“ಥರ್ಮೋಸ್ಟಾಟ್.”

“ಕೆಟ್ಟಿದೆಯೇ?”

“ಇಲ್ಲ, ಚೆನ್ನಾಗಿದೆ.”

“ಮತ್ತೆ ಬದಲಿಸಿದ್ದು ಯಾಕೆ?”

ಪಾತ್ರೆ ತೊಳೆಯಲು ಎತ್ತಿಕೊಂಡೆ.